ಮೂರನೇ ಸಾಲಿನ ಇಲಿಗಳು

ಪ್ರಾಣಿಮನೆಯ ಅಣ್ಣನ ಬಲಗೈ ಹೆಬ್ಬೆರಳಿಗೆ ಅರ್ಧ ಉಗುರೇ ಇರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಲಿಯೊಂದು ಕಚ್ಚಿತ್ತಂತೆ. "ತಪ್ಪು ನಂದೇ ಕಣಮ್ಮ. ಹೇಳ್ದೆ ಕೇಳ್ದೆ ಕೈ ಹಾಕ್ಬಿಟ್ಟೆ" ಎನ್ನುತ್ತಿದ್ದರು. ಅಂದಿನಿಂದ ಪ್ರತಿ ಇಲಿಗೂ "ಎತ್ಕೋತೀನಿ ಕಣೋ" ಎಂದು ಹೇಳಿಯೇ ಎತ್ತುವುದು ಅವರ ಪದ್ಧತಿ.

ಪ್ರಯೋಗಕ್ಕೆಂದು ಇಲಿ ಸಾಕುವ ವಿಶ್ವವಿದ್ಯಾಲಯದ ಪ್ರಾಣಿಮನೆಯಲ್ಲಿ ಅವರು ಅಟೆಂಡರ್, ನಾನು ಪಿಎಚ್‌ಡಿ ವಿದ್ಯಾರ್ಥಿನಿ. ಇಲಿಗಳಿಗೆ ಕಾಳು ನೀರು ಹಾಕಿ ಪಂಜರದ ಹೊಟ್ಟು ಬದಲಿಸುವುದು ಅವರ ಪಾಲು, ತೂಗಿ ಬರೆದುಕೊಳ್ಳುವುದು ನನ್ನದು. ಎಲ್ಲರೂ ಅವರನ್ನು ಅಣ್ಣ ಎನ್ನುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಕೆಂಗೇರಿ ಉಪನಗರದ ಮನೆಯಲ್ಲಿ ಒಬ್ಬರೇ. ಮಧ್ಯಾಹ್ನ ಹೊರಗಿನ ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದರು, ಅದೂ ಒಬ್ಬರೇ. ಮಲ್ಲತ್ತಹಳ್ಳಿಯ ಬಾಡಿಗೆ ಕೋಣೆಯಲ್ಲಿ ನಾನೂ ಒಬ್ಬಳೇ ಇದ್ದೆ. ಆದರೂ ಹೋಗಿ ಪಕ್ಕ ಕೂರಬೇಕು ಅಂತ ನನಗೆ ಹೊಳೆಯಲಿಲ್ಲ.

ನನ್ನ ಸಂಶೋಧನೆಯ ವಿಷಯವೇ ಒಂಟಿತನ. ಮೂರನೇ ಸಾಲಿನ ಪಂಜರಗಳಲ್ಲಿ ಒಂದೊಂದೇ ಇಲಿಯನ್ನು ಆರು ವಾರ ಇಟ್ಟು, ಅವು ಹೇಗೆ ಮಂಕಾಗುತ್ತವೆಂದು ನೋಡಬೇಕಿತ್ತು. ಅವು ಮಂಕಾಗಲೇ ಇಲ್ಲ. ಜೊತೆಜೊತೆಯಾಗಿದ್ದ ಇಲಿಗಳಷ್ಟೇ ಚುರುಕಾಗಿ ಓಡಾಡಿಕೊಂಡಿದ್ದವು. ಪದವಿ ಕೈತಪ್ಪುವ ಭಯದಲ್ಲಿ ನನಗೆ ತಲೆ ಕೆಟ್ಟುಹೋಯಿತು. ಒಂದು ಮಧ್ಯಾಹ್ನ ಸದ್ದಿಲ್ಲದೆ ಒಳಗೆ ಹೋದೆ. ಅಣ್ಣ ಮೂರನೇ ಸಾಲಿನ ಇಲಿಯೊಂದನ್ನು ಅಂಗೈಯಲ್ಲಿಟ್ಟುಕೊಂಡು ಬೆನ್ನು ಸವರುತ್ತಿದ್ದರು.

"ಊಟ ಆಯ್ತೇನೋ? ನಂದಿವತ್ತೂ ಚಿತ್ರಾನ್ನವೇ ಕಣೋ."

ನಾನು ರೇಗಿದೆ. "ಏನ್ ಮಾಡ್ತಿದೀರಣ್ಣ? ಇವು ಒಂಟಿಯಾಗೇ ಇರ್ಬೇಕು. ಮುಟ್ಬೇಡಿ, ಮಾತಾಡ್ಬೇಡಿ. ನನ್ನ ಮೂರು ವರ್ಷದ ಕೆಲ್ಸ ಹಾಳಾಗುತ್ತೆ."

ಅವರು ಇಲಿಯನ್ನು ಮೆಲ್ಲಗೆ ಒಳಗಿಟ್ಟರು. "ಗೊತ್ತಾಗ್ಲಿಲ್ಲ ಕಣಮ್ಮ. ಒಂದೊಂದೇ ಇವೆಯಲ್ಲ, ಪಾಪ, ಬೇಜಾರಾಗುತ್ತೇನೋ ಅಂತ. ಇನ್ಮೇಲೆ ಮಾತಾಡಲ್ಲ ಬಿಡಿ."

ಹೊಸ ಇಲಿಗಳನ್ನಿಟ್ಟು ಮತ್ತೆ ಶುರು ಮಾಡಿದೆ. ಅಣ್ಣ ಕೊಟ್ಟ ಮಾತಿಗೆ ತಪ್ಪಲಿಲ್ಲ. ನಾನು ಹೇಳಿದ್ದು ಒಂದು ಸಾಲಿಗೆ, ಅವರು ಇಡೀ ಪ್ರಾಣಿಮನೆಯಲ್ಲೇ ಮಾತು ನಿಲ್ಲಿಸಿದರು. ಕಾಳು ಹಾಕಿ, ಹೊಟ್ಟು ಬದಲಿಸಿ, ಸುಮ್ಮನೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಮೂರನೇ ಸಾಲಿನ ಇಲಿಗಳು ಮೂಲೆ ಹಿಡಿದವು. ನಾನು ಸಂತೋಷದಿಂದ ಬರೆದುಕೊಂಡೆ. ಪದವಿಯೂ ಬಂತು.

ನಿವೃತ್ತರಾದ ಮರುವರ್ಷ ಅಣ್ಣ ಹೋಗಿಬಿಟ್ಟರು. ಬಾಗಿಲಲ್ಲಿ ಎರಡು ದಿನದ ಹಾಲಿನ ಪ್ಯಾಕೆಟ್ಟು ಹಾಗೇ ಬಿದ್ದಿದ್ದನ್ನು ಕಂಡು ಪಕ್ಕದ ಮನೆಯವರು ಬಾಗಿಲು ಒಡೆಸಿದರಂತೆ.

ಈಗ ನಾನೇ ಅಲ್ಲಿ ಪಾಠ ಮಾಡುತ್ತೇನೆ. ಇಲಿ ಹಿಡಿಯುವುದನ್ನು ಕಲಿಸುವಾಗ ಮಕ್ಕಳಿಗೆ "ಹೇಳಿ ಎತ್ಕೊಳ್ಳಿ" ಎನ್ನುತ್ತೇನೆ. ಅವರು ನಗುತ್ತಾರೆ, ನಗಲಿ. ಐದು ವರ್ಷ ದಿನಾ ಆ ಮೆಟ್ಟಿಲು ಹತ್ತಿ, ಯಾವ ಇಲಿ ಎಷ್ಟು ತಿಂದಿತೆಂದು ತೂಗಿ ಬರೆದವಳು ನಾನು. ಮೆಟ್ಟಿಲ ಮೇಲಿದ್ದ ಅಣ್ಣನನ್ನು ಊಟ ಆಯ್ತಾ ಅಂತ ಒಂದು ದಿನವೂ ಕೇಳಲಿಲ್ಲ.