ಹರಳೆಣ್ಣೆಯ ಜಡೆ

ಪ್ರಯೋಗಾಲಯದ ಹಿರಿಯ ಸಹೋದ್ಯೋಗಿ ಫಾಂಗ್ ಒಂದು ಬೆಳಿಗ್ಗೆ ಹಿಂದಿನಿಂದ ಬಂದು ನನ್ನ ಜಡೆಯನ್ನು ಮೂಸಿ ನೋಡಿದಳು. ಚೀನಾದಲ್ಲಿ ಇದೂ ಒಂದು ಮರ್ಯಾದೆಯಿರಬಹುದೆಂದು ನಾನು ಹಲ್ಲು ಕಿರಿದುಕೊಂಡು ನಿಂತೆ. ಅವಳು ನಗಲಿಲ್ಲ.

ಆಗ ನಾನು ಲಾನ್‌ಝೌ ಊರಿಗೆ ಬಂದು ಒಂದು ಚಳಿಗಾಲ ಕಳೆದಿತ್ತು. ಇಲ್ಲಿಯ ಊಟವೆಂದರೆ ಲಾಮ್ಯಾನ್, ಕೈಯಲ್ಲೇ ಎಳೆದೆಳೆದು ಮಾಡುವ ಗೋಧಿ ಶ್ಯಾವಿಗೆ. ಮುದ್ದೆ ನುಂಗಿ ಬೆಳೆದ ಗಂಟಲಿಗೆ ಅದನ್ನು ಸೊರ್ರನೆ ಹೀರುವುದು ಸುಲಭವಾಗಿರಲಿಲ್ಲ. ಊರ ನಡುವೆ ತುಂಬಿ ಹರಿಯುವ ಹಳದಿ ನದಿಯ ಮುಂದೆ ನಿಂತು, ಬೇಸಿಗೆಯಲ್ಲಿ ಕಾಲೂ ಮುಳುಗದ ನಮ್ಮೂರ ಹೊಳೆ ಲಕ್ಷ್ಮಣತೀರ್ಥಕ್ಕಾಗಿ ಅತ್ತದ್ದೂ ಉಂಟು.

ನಮ್ಮ ಕೆಲಸ, ಒಂದಕ್ಕೊಂದು ಉಜ್ಜುವ ಯಂತ್ರದ ಭಾಗಗಳು ಸವೆಯದಂತೆ ಅಯಾನಿಕ್ ದ್ರವದ ತೆಳುಪದರ ಹಚ್ಚುವುದು. ಅದೊಂದು ಬಗೆಯ ಉಪ್ಪು. ನೀರು ಬೆರೆಸದೆಯೇ ದ್ರವವಾಗಿರುತ್ತದೆ, ಕಾದರೂ ಆವಿಯಾಗುವುದಿಲ್ಲ. ನಮ್ಮೂರು ಕಟ್ಟೆಮಳಲವಾಡಿಯಲ್ಲಿ ಅಪ್ಪ ಗಾಡಿಯ ಅಚ್ಚಿಗೆ ಕೀಲೆಣ್ಣೆಯನ್ನು ಧಾರಾಳವಾಗಿ ಬಳಿಯುತ್ತಿದ್ದರು. ಇಲ್ಲಿ ಹಚ್ಚಿದ್ದು ಕಣ್ಣಿಗೆ ಕಾಣಲೇಬಾರದು.

ನನ್ನ ಮಾದರಿಗಳು ಮಾತ್ರ ಎಲ್ಲರವಕ್ಕಿಂತ ನಯವಾಗಿ ಜಾರುತ್ತಿದ್ದವು. ಈ ಫಲಿತಾಂಶ ನಿಂತರೆ ಇನ್ನೊಂದು ವರ್ಷದ ಕೆಲಸ, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ನಾನು ಒಳಗೊಳಗೇ ಬೀಗುತ್ತಿದ್ದೆ. ಆದರೆ ಅದೇ ಪದರವನ್ನು ಫಾಂಗ್ ಮಾಡಿದರೆ ಅಷ್ಟು ಜಾರುತ್ತಿರಲಿಲ್ಲ.

"ತಲೆಗೆ ಏನು ಹಚ್ಚಿದ್ದೀರಿ?" ಎಂದಳು.

"ಹರಳೆಣ್ಣೆ. ನಮ್ಮವ್ವ ಮನೆಯಲ್ಲೇ ತೆಗೆದದ್ದು."

ಕೈಗವಸು ಹಾಕಿಕೊಂಡ ಮೇಲೂ ನಾನು ಆಗಾಗ ಜಡೆಯನ್ನು ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದೆ. ಜಾರುತ್ತಿದ್ದದ್ದು ನನ್ನ ಪದರವಲ್ಲ, ಕೈಗವಸಿನಿಂದ ಮಾದರಿಗೆ ಹತ್ತಿದ ಅವ್ವನ ಎಣ್ಣೆ. ಅಳುವುದೋ ನಗುವುದೋ ತಿಳಿಯಲಿಲ್ಲ.

ಭಾನುವಾರ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅವ್ವ ಅಂದಳು:

"ನಮ್ಮೆಣ್ಣೆ ಅಷ್ಟು ಚೆಂದಾಗಿ ಜಾರೋದಾದ್ರೆ ಅದ್ನೇ ಬಳ್ದುಬುಡಿ ಕಣವ್ವ. ಉಪ್ಪು ಯಾಕೆ?"

"ಕಾಯ್ತಾ ಕಾಯ್ತಾ ನಿನ್ನೆಣ್ಣೆ ಅಂಟಾಯ್ತದೆ ಕಣವ್ವ. ಇದು ಅಂಗೇ ನಿಲ್ತದೆ."

"ಅಂಗಂತ ತಲ್ಗೆ ಎಣ್ಣೆ ಬುಟ್ಟುಬುಟ್ಟೀಯಾ? ಉಷ್ಣ ಏರ್ಬುಡ್ತದೆ!"

ಬಿಟ್ಟೆ. ತಲೆಗೆ ಟೋಪಿ ಬಿಗಿದು ಎಲ್ಲ ಮಾದರಿಗಳನ್ನೂ ಮೊದಲಿನಿಂದ ಮಾಡಿದೆ. ಈಗ ಅಷ್ಟೊಂದು ಜಾರಲಿಲ್ಲ, ಆದರೆ ಬೆಳಿಗ್ಗೆ ಉಜ್ಜಲು ಇಟ್ಟ ಪದರ ಸಂಜೆಯಾದರೂ ಸವೆಯಲಿಲ್ಲ. ಇನ್ನೊಂದು ವರ್ಷ ಸಿಕ್ಕಿತು. ಅವತ್ತು ಫಾಂಗ್ ಲಾಮ್ಯಾನ್ ಕೊಡಿಸಿದಳು. ನಾನು ಮೊದಲ ಸಲ ಅವಳನ್ನು 'ಜ್ಯೆ' ಎಂದೆ, ಅಂದರೆ ಅಕ್ಕ.

ರಜೆಯಲ್ಲಿ ಊರಿಗೆ ಹೋದಾಗ ಅವ್ವ ಜಗಲಿಯ ಮೇಲೆ ಕೂರಿಸಿಕೊಂಡು ನೆತ್ತಿಗೆ ಎಣ್ಣೆ ಸುರಿದಳು. ಎಷ್ಟು ಹಿತವಾಗಿತ್ತೆಂದರೆ ಕಣ್ಣು ಮುಚ್ಚಿಹೋಯಿತು.

"ಕೈಯ ಯಾಕವ್ವ ಅಂಗೆ ಎತ್ಕೊಂಡಿದ್ದೀಯ?"

ಕಣ್ಣು ಬಿಟ್ಟೆ. ಎಣ್ಣೆ ತಾಗದಂತೆ ಎರಡೂ ಕೈಗಳನ್ನು ಮೇಲೆ ಹಿಡಿದು ಕೂತಿದ್ದೆ. ಅವ್ವನ ಮುಖ ನೋಡಲಾಗದೆ ಕೈ ಇಳಿಸಿ ಜಡೆ ಹಿಡಿದುಕೊಂಡೆ.

ಲಾನ್‌ಝೌಗೆ ಮರಳಿದ ಮೇಲೆ ತಲೆಯನ್ನು ತಿಕ್ಕಿ ತಿಕ್ಕಿ ತೊಳೆದೆ. ಪ್ರಯೋಗಾಲಯದ ಬಾಗಿಲಲ್ಲಿ, ಟೋಪಿ ಹಾಕುವ ಮುಂಚೆ, ಜಡೆಯ ತುದಿಯನ್ನು ಮೂಗಿಗೆ ಹಿಡಿದೆ. ವಾಸನೆ ಹೋಗಿರಲಿ ಎಂದುಕೊಂಡೆನೋ, ಇನ್ನೂ ಇರಲಿ ಎಂದುಕೊಂಡೆನೋ, ನನಗೇ ಗೊತ್ತಾಗಲಿಲ್ಲ.