ಖೈರೂನಬಿ ವಾಪಸ್ ತಂದ ಹೆಸರುಕಾಳು

ನಿವೃತ್ತಿಗೆ ಮೂರು ವರ್ಷ ಉಳಿದಿದ್ದಾಗ ನನಗೆ ಬಸವಕಲ್ಯಾಣ ತಾಲ್ಲೂಕಿಗೆ ವರ್ಗವಾಯಿತು. ಹುದ್ದೆ ಕೃಷಿ ಅಧಿಕಾರಿಯದು. ಅದರ ಜೊತೆಗೇ ಸೀಡ್ ಇನ್‌ಸ್ಪೆಕ್ಟರ್ ಎಂಬ ಇನ್ನೊಂದು ಹೊಣೆ. ಬೀಜದ ಅಂಗಡಿಗಳ ಲೈಸೆನ್ಸ್ ನೋಡುವುದು, ಚೀಲಗಳಿಂದ ಸ್ಯಾಂಪಲ್ ತೆಗೆದು ಪ್ರಯೋಗಾಲಯಕ್ಕೆ ಕಳಿಸುವುದು, ಅನುಮಾನ ಬಂದ ಮಾಲನ್ನು ಮಾರದಂತೆ ತಡೆಯುವುದು, ಅಗತ್ಯ ಬಿದ್ದರೆ ಜಪ್ತಿ ಮಾಡುವುದು ಆ ಕೆಲಸ. ನನ್ನ ಮನೆ ಹುಮನಾಬಾದಿನಲ್ಲಿತ್ತು. ಬೆಳಿಗ್ಗೆ ಬಸ್ಸು ಹತ್ತಿ ರಾಜೇಶ್ವರ ಊರಿನ ಮೇಲೆ ಹಾದು ಬಸವಕಲ್ಯಾಣಕ್ಕೆ ಹೋಗುವಾಗ ಎರಡೂ ಬದಿಯ ಹೊಲಗಳನ್ನು ನೋಡುವುದು ರೂಢಿಯಾಗಿತ್ತು. ನಾನು ನೌಕರಿಗೆ ಸೇರಿದ ಕಾಲದಲ್ಲಿ ಆ ಹೊಲಗಳಲ್ಲಿ ತೊಗರಿ, ಜೋಳ, ಉದ್ದು, ಹೆಸರು ಸಾಲುಸಾಲಾಗಿ ಒಟ್ಟಿಗೇ ನಿಂತಿರುತ್ತಿದ್ದವು. ಈಗ ಮುಂಗಾರಿನಲ್ಲಿ ಕಣ್ಣು ಹಾಯುವಷ್ಟು ದೂರ ಸೋಯಾ ಒಂದೇ.

ಸೋಯಾ ಇಷ್ಟು ಹಬ್ಬಿದ್ದಕ್ಕೆ ಕಾರಣಗಳಿವೆ. ಬೇಗ ಕೈಗೆ ಬರುತ್ತದೆ, ಮಷೀನಿನಿಂದ ರಾಶಿ ಮಾಡಬಹುದು, ಎಣ್ಣೆ ಗಿರಣಿಯವರು ಕಾದು ನಿಂತು ಕೊಳ್ಳುತ್ತಾರೆ. ಆದರೆ ಅದರ ಬೀಜ ಬಹಳ ನಾಜೂಕು. ಮೇಲಿನ ಸಿಪ್ಪೆ ತೆಳು. ಚೀಲವನ್ನು ಜೋರಾಗಿ ಎತ್ತಿ ಒಗೆದರೆ, ಗೋದಾಮಿನಲ್ಲಿ ಬಿಸಿ ಹೆಚ್ಚಾದರೆ ಮೊಳಕೆಯ ಶಕ್ತಿ ಕುಗ್ಗುತ್ತದೆ. ನೂರು ಕಾಳಿನಲ್ಲಿ ಕನಿಷ್ಠ ಎಪ್ಪತ್ತಾದರೂ ಮೊಳೆಯಬೇಕು ಎಂಬುದು ಸರ್ಕಾರದ ಮಾನದಂಡ. ಬೇಳೆಕಾಳುಗಳನ್ನು ಮನೆಯಲ್ಲೇ ಕಾದಿಟ್ಟುಕೊಳ್ಳುತ್ತಿದ್ದ ರೈತರು ಸೋಯಾದ ವಿಷಯದಲ್ಲಿ ಪ್ರತಿ ವರ್ಷ ಅಂಗಡಿಯ ಚೀಲವನ್ನೇ ನಂಬಬೇಕಾಯಿತು.

ಆ ವರ್ಷ ಮಿರಗದ ಮಳೆ, ಅಂದರೆ ಜೂನ್ ಮೊದಲಿನ ಮೃಗಶಿರಾ ಮಳೆ, ಚೆನ್ನಾಗಿ ಬಿತ್ತು. ಎಲ್ಲರೂ ಬಿತ್ತಿದರು. ವಾರ ಕಳೆಯುವಷ್ಟರಲ್ಲಿ ನಮ್ಮ ತಾಲ್ಲೂಕಿನ ಮಂಠಾಳದ ಕಡೆಯ ರೈತರು ನಮ್ಮ ಕಚೇರಿಗೆ ಬರತೊಡಗಿದರು. ಮೊದಲು ಬಂದವರು ವೀರಶೆಟ್ಟಿ ಎಂಬ ಮಧ್ಯವಯಸ್ಸಿನ ರೈತ. ಅವರು ಕರ್ಚೀಫಿನಲ್ಲಿ ಕಟ್ಟಿ ತಂದಿದ್ದ ಕಾಳುಗಳನ್ನು ನನ್ನ ಮೇಜಿನ ಮೇಲೆ ಸುರಿದರು. ನೆಲದಿಂದ ಕೆದರಿ ತೆಗೆದ ಸೋಯಾ. ಉಬ್ಬಿ ಕೊಳೆತಿತ್ತು, ಮೊಳಕೆ ಇರಲಿಲ್ಲ.

“ಮೇಡಂ, ಇಡೀ ಹೊಲಕ್ಕ ಒಂದು ಕಡ್ಡಿ ಎದ್ದಿಲ್ಲ. ಬಂದು ನೋಡ್ರಿ, ನಾ ಸುಳ್ಳು ಹೇಳಾಕತ್ತಿಲ್ಲ.”

ಹೋಗಿ ನೋಡಿದೆ. ಅವರ ಹೊಲ, ಪಕ್ಕದವರ ಹೊಲ, ಆಚೆಯ ಕೆಲವು ಹೊಲಗಳಲ್ಲಿ ಅಲ್ಲೊಂದು ಇಲ್ಲೊಂದು ಸಸಿ ಬಿಟ್ಟರೆ ಬರೀ ಕಪ್ಪು ಮಣ್ಣು. ಎಲ್ಲರೂ ಬೀಜ ತಂದದ್ದು ಹೆದ್ದಾರಿ ಬದಿಯ ಶರಣಪ್ಪನವರ ಅಂಗಡಿಯಿಂದ. ಅಂಗಡಿಯಲ್ಲಿ ಉಳಿದ ಚೀಲಗಳಿಂದ ಸ್ಯಾಂಪಲ್ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದೆ. ಕಂಪನಿಯ ಪ್ರತಿನಿಧಿ ಫೋನಿನಲ್ಲಿ, ರೈತರು ಆಳವಾಗಿ ಬಿತ್ತಿರಬೇಕು, ಮಳೆಗೆ ಮೇಲ್ಮಣ್ಣು ಗಟ್ಟಿಯಾಗಿರಬೇಕು ಎಂದರು. ಹಾಗೂ ಆಗುವುದುಂಟು. ಪ್ರಯೋಗಾಲಯದ ವರದಿ ಬರುವವರೆಗೆ ಯಾವುದನ್ನೂ ಖಚಿತವಾಗಿ ಹೇಳುವಂತಿರಲಿಲ್ಲ. ಆದರೆ ವರದಿಗಾಗಿ ನೆಲದ ಹಸಿ ಕಾಯುವುದಿಲ್ಲ. ಮರುಬಿತ್ತನೆಗೆ ಉಳಿದದ್ದು ಕೆಲವೇ ದಿನ, ಅಂಗಡಿಗಳಲ್ಲಿ ಬೇರೆ ಬೀಜ ಬಹುತೇಕ ತೀರಿಹೋಗಿತ್ತು. ಆ ದಿನಗಳೂ ತಪ್ಪಿದರೆ ಮುಂಗಾರು ಪೂರ್ತಿ ಹೊಲ ಬೀಳು.

ಅದೇ ವಾರ ಕಚೇರಿಗೆ ಒಂದು ದೂರು ಬಂತು. ವೀರಶೆಟ್ಟಿಯವರ ಊರಿನ ಖೈರೂನಬಿ ಎಂಬ ಮಹಿಳೆ ಲೈಸೆನ್ಸ್ ಇಲ್ಲದೆ ಬೀಜ ಮಾರುತ್ತಿದ್ದಾರೆ, ಕೂಡಲೇ ಜಪ್ತಿ ಮಾಡಬೇಕು ಎಂದು ಬರೆದಿತ್ತು. ದೂರು ಕೊಟ್ಟವರು ಅಂಗಡಿಯ ಶರಣಪ್ಪ. ನನ್ನ ಮೇಲಧಿಕಾರಿ ಅದನ್ನು ನನ್ನ ಕೈಗೆ ಕೊಟ್ಟು, “ನಿಯಮದ ಪ್ರಕಾರ ಏನು ಆಗಬೇಕೋ ಮಾಡಿ” ಎಂದರು.

ಖೈರೂನಬಿ ಮತ್ತು ಅವರ ಗಂಡನಿಗೆ ನಾಲ್ಕು ಎಕರೆ ಹೊಲ. ಊರೆಲ್ಲ ಸೋಯಾಕ್ಕೆ ತಿರುಗಿದಾಗಲೂ ಅವರು ತೊಗರಿಯ ಸಾಲುಗಳ ನಡುವೆ ಉದ್ದು, ಹೆಸರು, ಜೋಳ, ಬದುವಿಗೆ ಪುಂಡಿಸೊಪ್ಪು ಹಾಕುವುದನ್ನು ಬಿಟ್ಟಿರಲಿಲ್ಲ. ನಾನು ಹೋದಾಗ ಗಂಡ ಹೊಲದಲ್ಲಿದ್ದರು. ಖೈರೂನಬಿ ಪಡಸಾಲೆಯಲ್ಲಿ ಕುಳಿತು, ಎದುರಿಗೆ ಕುಳಿತಿದ್ದ ವೀರಶೆಟ್ಟಿಯವರ ಚೀಲಕ್ಕೆ ಉದ್ದು ಅಳೆಯುತ್ತಿದ್ದರು. ಗೋಡೆಯ ಉದ್ದಕ್ಕೂ ಮಣ್ಣಿನ ಗಡಿಗೆಗಳಿದ್ದವು. ಕಾಳಿಗೆ ಬೂದಿ ಕಲಸಿ, ಬೇವಿನ ಎಲೆ ಹಾಕಿ, ಬಾಯಿಗೆ ಸಗಣಿ ಮೆತ್ತಿದ ಗಡಿಗೆಗಳು. ಖೈರೂನಬಿ ಐವತ್ತು ದಾಟಿದ, ಎತ್ತರದ ಹೆಂಗಸು. ನಮ್ಮ ಕಚೇರಿಯ ಜೀಪು ನೋಡಿಯೂ ಅಳೆಯುವ ಕೈ ನಿಲ್ಲಿಸಲಿಲ್ಲ.

“ಜಪ್ತಿ ಮಾಡಾಕ ಬಂದೀರೇನ್ರಿ?”

“ದೂರು ಬಂದದ ಖಾಲಾ. ಮೊದಲ ನೋಡತೀನಿ. ನೀವು ಇದನ್ನ ಮಾರಾಕತ್ತೀರೇನು?” ಊರವರು ಕರೆಯುವಂತೆ ನಾನೂ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೆ.

“ಮಾರೋದೇನು? ಒಂದು ಸೇರು ಒಯ್ದವ್ರು ರಾಶಿ ಆದ ಮ್ಯಾಲ ಒಂದೂವರಿ ಸೇರು ತಂದು ಕೊಡ್ತಾರ. ನಮ್ಮತ್ತಿ ಕಾಲದಿಂದ ಹಿಂಗೇ ನಡದದ.”

ವೀರಶೆಟ್ಟಿ ಎದ್ದು ನಿಂತರು. “ಮೇಡಂ, ಇದನ್ನೂ ಒಯ್ದ್ರ ನಾವು ಎಲ್ಲಿಗಿ ಹೋಗ್ಬೇಕ್ರಿ? ನೆಲ ಹದದಾಗ ಅದ. ಈ ವಾರ ಬಿತ್ತಲಿಲ್ಲಂದ್ರ ಆಗಂಗಿಲ್ಲ.”

ಈ ಬಗ್ಗೆ ಕಾನೂನು ಏನು ಹೇಳುತ್ತದೆ ಎಂಬುದು ಅಧಿಕಾರಿಗಳಲ್ಲೂ ಹಲವರಿಗೆ ನೆನಪಿರುವುದಿಲ್ಲ. ಬೀಜ ಕಾಯ್ದೆಯ ಇಪ್ಪತ್ತನಾಲ್ಕನೆಯ ಕಲಮಿನ ಪ್ರಕಾರ, ತಾನೇ ಬೆಳೆದ ಬೀಜವನ್ನು ತನ್ನ ಸ್ವಂತ ಜಾಗದಲ್ಲಿ, ಬಿತ್ತುವವರ ಕೈಗೇ ನೇರವಾಗಿ ಕೊಟ್ಟರೆ ಅಥವಾ ಮಾರಿದರೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಲೈಸೆನ್ಸಿನ ಪ್ರಶ್ನೆಯೇ ಏಳುವುದಿಲ್ಲ. ಹಾಗಾಗಿ ಪಡಸಾಲೆಯಲ್ಲಿ ಕೊಟ್ಟದ್ದಕ್ಕೆ ಅಡ್ಡಿಯಿರಲಿಲ್ಲ. ಆದರೆ ಮಂಠಾಳದ ಸಂತೆಯಲ್ಲೂ ಬೀಜ ಕೊಟ್ಟರೆಂದು ದೂರಿನಲ್ಲಿತ್ತು, ಸಂತೆ ಅವರ ಸ್ವಂತ ಜಾಗವಲ್ಲ.

“ಸಂತ್ಯಾಗ ಕೊಟ್ಟಿದ್ದು ಖರೆ ಏನ್ರಿ?”

“ಖರೇನೆ. ಎಲ್ಲಾರ ಎದುರಿಗಿ ಕುಂತು ಕೊಟ್ಟೀನಿ. ಕಳವು ಮಾಡಿಲ್ಲ.”

“ಇನ್ನ ಮ್ಯಾಲ ಮನ್ಯಾಗಷ್ಟೇ ಕೊಡ್ರಿ. ಸಂತಿಗಿ ಒಯ್ದ್ರ ನಾ ತಡೀಲೇಬೇಕಾಗ್ತದ.”

ಅವರು ಅಸಮಾಧಾನದಿಂದಲೇ ಒಪ್ಪಿದರು. ನನ್ನ ಮುಂದೆ ಇನ್ನೂ ಒಂದು ಪ್ರಶ್ನೆ ಉಳಿದಿತ್ತು. ಕಾನೂನು ಅವರ ಪರವಾಗಿತ್ತು, ನಿಜ. ಆದರೆ ಬೀಜ ಹುಟ್ಟುತ್ತದೆ ಎಂಬ ಖಾತ್ರಿಯನ್ನು ಕಾನೂನು ಕೊಡುವುದಿಲ್ಲ. ಒಮ್ಮೆ ಕೈಸುಟ್ಟುಕೊಂಡ ರೈತರು ಎರಡನೆಯ ಸಲವೂ ಹುಟ್ಟದ ಬೀಜ ಬಿತ್ತಿದರೆ ಮೂರನೆಯ ಅವಕಾಶವಿಲ್ಲ. ಮನೆಯ ಬೀಜ ಎಂದ ಮಾತ್ರಕ್ಕೆ ಒಳ್ಳೆಯದೇ ಇರುತ್ತದೆ ಎಂದು ನಾನು ಎಂದೂ ನಂಬಿದವಳಲ್ಲ. ಮೊಳಕೆ ಪರೀಕ್ಷೆ ಮಾಡೋಣ, ಅಲ್ಲಿಯವರೆಗೆ ಯಾರಿಗೂ ಕೊಡಬೇಡಿ ಎಂದೆ.

ಖೈರೂನಬಿ ಸೇರನ್ನು ಕೆಳಗಿಟ್ಟರು. “ನಮ್ಮ ಬೀಜಕ್ಕ ಪರೀಕ್ಷಾ ಯಾಕ್ರಿ? ನನ್ನ ಮ್ಯಾಲ ಭರೋಸಾ ಇಲ್ಲೇನು?”

“ಕಂಪನಿಯವ್ರೂ ಇದೇ ಮಾತು ಹೇಳಾಕತ್ತಾರ್ರಿ ಖಾಲಾ.”

ಖೈರೂನಬಿ ಉದ್ದಿನ ಚೀಲ ಬದಿಗೆ ಸರಿಸಿ, “ಹಂಗಿದ್ರ ನಾಕ್ ಮಂದಿ ಮುಂದ ಮಾಡ್ರಿ. ಶರಣಪ್ಪನ ಚೀಲನೂ ತರಸ್ರಿ. ಎರಡೂ ಬಾಜೂಕ ಬಾಜೂ ಇಡ್ರಿ” ಎಂದರು.

ಶರಣಪ್ಪನವರಿಗೆ ಫೋನು ಮಾಡಿದೆ. ಬರಲಿಕ್ಕಿಲ್ಲ ಎಂದುಕೊಂಡಿದ್ದೆ, ಆದರೆ ಮಧ್ಯಾಹ್ನ ಬಂದರು. ಎರಡು ಬೇರೆ ಬೇರೆ ಲಾಟಿನ ಸೋಯಾ ತಂದಿದ್ದರು. ಲಾಟ್ ಎಂದರೆ ಒಟ್ಟಿಗೇ ಸಂಸ್ಕರಿಸಿ, ಒಂದೇ ನಂಬರು ಹಾಕಿದ ಬೀಜದ ರಾಶಿ. ಒಂದು ವೀರಶೆಟ್ಟಿಯವರಿಗೆ ಮಾರಿದ ಲಾಟ್, ಇನ್ನೊಂದು ಬೇರೆ, ಅದು ಒಂದು ಚೀಲದಷ್ಟೇ ಉಳಿದಿತ್ತು. ಪಂಚಾಯಿತಿ ಕಟ್ಟೆಯ ಮೇಲೆ ಗೋಣಿತಟ್ಟು ಹಾಸಿದೆವು. ಶರಣಪ್ಪನವರ ಎರಡು ಬಗೆ, ಖೈರೂನಬಿಯವರ ತೊಗರಿ, ಉದ್ದು, ಹೆಸರು, ಜೋಳ. ಪ್ರತಿಯೊಂದರಿಂದ ನೂರು ಕಾಳನ್ನು ಊರವರೇ ಎಣಿಸಿ ಸಾಲಾಗಿ ಇಟ್ಟರು. ತಟ್ಟು ನೆನೆಸಿ, ಸುರುಳಿ ಸುತ್ತಿ, ನೆರಳಿನಲ್ಲಿ ಇಟ್ಟೆವು. ಪ್ರಯೋಗಾಲಯದ ಪರೀಕ್ಷೆಯಷ್ಟು ಇದಕ್ಕೆ ಕಾನೂನಿನ ಬೆಲೆ ಇಲ್ಲ. ಆದರೆ ಬಿತ್ತುವುದೋ ಬೇಡವೋ ಎಂದು ನಿರ್ಧರಿಸಲು ಸಾಕು.

ಕಾಯುವ ದಿನಗಳು ಸುಲಭವಾಗಿರಲಿಲ್ಲ. ಮೋಡ ಹೋಗಿ ಬಿಸಿಲು ಬಿದ್ದಿತ್ತು. ವೀರಶೆಟ್ಟಿ ದಿನಾ ಫೋನು ಮಾಡುತ್ತಿದ್ದರು. “ಹದ ಆರಾಕತ್ತದ್ರಿ. ಹದ ಹೋದ್ರ ಯಾರು ಹೊಣಿ?” ನಾನು ತಡೆದದ್ದರಿಂದಲೇ ಆ ಊರಿನ ಹಂಗಾಮು ಹೋಯಿತು ಎಂದಾದರೆ ಏನು ಗತಿ ಎಂಬ ಚಿಂತೆ ನನ್ನನ್ನೂ ಕಾಡುತ್ತಿತ್ತು.

ಐದನೆಯ ದಿನ ಸುರುಳಿ ಬಿಚ್ಚಿದೆವು. ಕಟ್ಟೆಯ ಸುತ್ತ ಊರಿನ ಅರ್ಧ ಜನ ನಿಂತಿದ್ದರು. ವೀರಶೆಟ್ಟಿಯವರಿಗೆ ಮಾರಿದ ಸೋಯಾ ಅರ್ಧದಷ್ಟೂ ಮೊಳೆತಿರಲಿಲ್ಲ, ಬಹಳಷ್ಟು ಕಾಳು ಲೋಳೆಯಾಗಿತ್ತು. ಎರಡನೆಯ ಲಾಟ್ ಚೆನ್ನಾಗಿತ್ತು, ಅದನ್ನೂ ಹೇಳಬೇಕು. ಖೈರೂನಬಿಯವರ ತೊಗರಿ, ಜೋಳ, ಉದ್ದು ಸೊಗಸಾಗಿ ಬಂದಿದ್ದವು. ಜನ ಸಂತೋಷದಿಂದ ಮಾತಾಡತೊಡಗಿದರು. ಆಮೇಲೆ ಹೆಸರಿನ ಸುರುಳಿ ಬಿಚ್ಚಿದೆ. ಬೆರಳೆಣಿಕೆಯಷ್ಟು ಮೊಳಕೆ.

ಖೈರೂನಬಿ ಮುಂದೆ ಬಂದು ಒಂದು ಕಾಳನ್ನು ಎತ್ತಿ ಉಗುರಿನಿಂದ ಸೀಳಿದರು. ಒಳಗೆ ಟೊಳ್ಳು. ಇನ್ನೊಂದನ್ನು ಸೀಳಿದರು. ಅದೂ ಹಾಗೇ, ನುಸಿ ತಿಂದಿತ್ತು. ಅವರ ಮುಖ ಬಾಡಿತು. ಶರಣಪ್ಪ ಏನಾದರೂ ಅನ್ನಬಹುದು ಎಂದು ನಾನು ಅವರತ್ತ ನೋಡಿದೆ. ಅವರು ಬಗ್ಗಿ ತಮ್ಮ ಲಾಟಿನ ಲೋಳೆಗಟ್ಟಿದ ಕಾಳುಗಳನ್ನು ಮುಟ್ಟಿ ನೋಡುತ್ತಿದ್ದರು.

“ಹೆಸರು ಖರಾಬ್ ಆಗ್ಯದ” ಎಂದು ಖೈರೂನಬಿ ಎಲ್ಲರಿಗೂ ಕೇಳುವಂತೆ ಹೇಳಿದರು. “ಹೋದ ವರ್ಷ ರಾಶಿ ಹೊತ್ತಿಗಿ ಬಿಸಲು ಕಮ್ಮಿ ಆತು. ಒಣಗೋಕಿಂತ ಮೊದಲ ಗಡಿಗ್ಯಾಗ ಹಾಕೀನಿ. ನಂದೇ ತಪ್ಪು. ಯಾರ್ಯಾರು ಒಯ್ದೀರಿ, ಬಿತ್ತಬ್ಯಾಡ್ರಿ.”

ನಾನು ಬರುವ ಮೊದಲೇ ಹೆಸರು ಒಯ್ದವರಲ್ಲಿ ಕೆಲವರು ಅಂದು ಕಟ್ಟೆಗೆ ಬಂದಿರಲಿಲ್ಲ. ಖೈರೂನಬಿ ಮನೆಗೆ ಹೋಗಿ ಉದ್ದಿನ ಚೀಲ ತಲೆಯ ಮೇಲೆ ಹೊತ್ತು ಹೊರಟರು. ನಾನೂ ಜೊತೆಗೆ ನಡೆದೆ. ಒಂದೊಂದು ಬಾಗಿಲಿಗೂ ನಿಂತು, “ಹೆಸರು ವಾಪಸ್ ಕೊಡ್ರಿ, ಅದು ಹುಟ್ಟಂಗಿಲ್ಲ. ಬದ್ಲಿ ಉದ್ದು ತಗೊಳ್ರಿ” ಎಂದು ಹೇಳಿ ಅಳೆದು ಕೊಟ್ಟರು. ಒಂದು ಮನೆಯವರು ಆಗಲೇ ಬಿತ್ತಿಬಿಟ್ಟಿದ್ದರು. ಆ ಮನೆಯ ಹೆಂಗಸು ಸಿಟ್ಟಿನಿಂದ, “ನಿನ್ನ ನಂಬಿ ಬಿತ್ತೀವಲ್ಲ ಖಾಲಾ, ಈಗ ಹ್ಯಾಂಗ ಮಾಡೋದು?” ಎಂದು ಬೈದರು. ಖೈರೂನಬಿ ತಲೆಯ ಮೇಲಿನ ಚೀಲ ಇಳಿಸಿದರು. “ನಾಳಿಗಿ ನಮ್ಮ ಎತ್ತು, ಬಿತ್ತೋ ಕೂರಗಿ ನಿಮ್ಮ ಹೊಲಕ್ಕ ಬರ್ತಾವ. ಬೀಜ ನಂದೇ. ತಿರುಗಿ ಕೊಡೋದು ಬ್ಯಾಡ” ಎಂದರು. ಮರುದಿನ ಹಾಗೆಯೇ ಆಯಿತು ಎಂದು ಆಮೇಲೆ ಕೇಳಿ ತಿಳಿದುಕೊಂಡೆ. ಆ ಸಂಜೆಯಿಂದ ಊರಿನಲ್ಲಿ ಬಿತ್ತನೆ ಶುರುವಾಯಿತು. ಎರಡು ದಿನ ಕಳೆದು ಮಳೆಯೂ ಬಂತು.

ಕೆಟ್ಟ ಲಾಟನ್ನು ಮಾರಬಾರದೆಂದು ನಾನು ಅಂದೇ ಆದೇಶ ಕೊಟ್ಟೆ. ಶರಣಪ್ಪ ಸಹಿ ಹಾಕಿ, ಪೆನ್ನು ವಾಪಸ್ ಕೊಡುತ್ತ ಹೇಳಿದರು: “ಮೇಡಂ, ನನಗ ಚೀಲ ಹೊಲಿದೇ ಬರ್ತದ. ಒಳಗ ಏನದ ಅಂತ ನನಗ ಹ್ಯಾಂಗ ಗೊತ್ತಾಗ್ಬೇಕ್ರಿ? ನನ್ನ ಹೊಲದಾಗೂ ಇದನ್ನೇ ಬಿತ್ತೀನಿ, ಎದ್ದಿಲ್ಲ. ದೂರು ಕೊಡು ಅಂದವ್ರು ಕಂಪನಿಯವ್ರು. ವಾಪಸ್ ತಗೊಂಡ್ರ ನನ್ನ ಡೀಲರ್‌ಶಿಪ್ ಹೋಗ್ತದ.” ಅವರು ದೂರನ್ನು ವಾಪಸ್ ಪಡೆಯಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ದೂರು ಉಳಿದದ್ದರಿಂದ, ಜಪ್ತಿ ಏಕೆ ಮಾಡಲಿಲ್ಲ ಎಂದು ನನಗೆ ವಿವರಣೆ ಕೇಳಲಾಯಿತು. ನಿವೃತ್ತಿ ಹತ್ತಿರವಿರುವಾಗ ಅಂಥ ನೋಟಿಸ್ ಬಂದರೆ ಯಾರಿಗಾದರೂ ಅಳುಕು ಹುಟ್ಟುತ್ತದೆ. ಕಲಮನ್ನು ಉಲ್ಲೇಖಿಸಿ, ಸಂತೆಯ ವಿಷಯವನ್ನೂ ಹೆಸರುಕಾಳಿನ ವಿಷಯವನ್ನೂ ಮುಚ್ಚಿಡದೆ ಉತ್ತರ ಬರೆದೆ. ಕೆಲವು ವಾರಗಳ ನಂತರ ಆ ಕಡತ ಮುಕ್ತಾಯವಾಯಿತು. ಸೋಯಾ ಸ್ಯಾಂಪಲಿನ ವರದಿ ಬಂದಾಗ ಮರುಬಿತ್ತನೆಯ ಉದ್ದು ಹೂವು ಬಿಟ್ಟಿತ್ತು. ಬೀಜ ಮಾನದಂಡಕ್ಕಿಂತ ಕಡಿಮೆ ಎಂದು ಅದರಲ್ಲಿತ್ತು. ಆಮೇಲೆ ಕಂಪನಿಗೆ ನೋಟಿಸ್, ಅದಕ್ಕೆ ಉತ್ತರ, ಮರುಪರೀಕ್ಷೆಯ ಬೇಡಿಕೆ. ನಾನು ನಿವೃತ್ತಳಾಗುವಾಗಲೂ ಪರಿಹಾರದ ವಿಷಯ ಇತ್ಯರ್ಥವಾಗಿರಲಿಲ್ಲ.

ಬೆಳೆಯ ಕಥೆಯೂ ಪೂರ್ತಿ ಸುಖಾಂತವಲ್ಲ. ರಾಶಿಯ ಹೊತ್ತಿಗೆ ಸುರಿದ ಮಳೆಯಲ್ಲಿ ಉದ್ದು ಸಾಕಷ್ಟು ಹಾಳಾಯಿತು. ಜೋಳ ಉಳಿಯಿತು, ತೊಗರಿ ಚೆನ್ನಾಗಿ ಬಂತು. ಬೇಳೆಯನ್ನು ಕಿರಾಣಿ ಅಂಗಡಿಯಿಂದ ತರುತ್ತಿದ್ದ ಮನೆಗಳಲ್ಲಿ ಆ ವರ್ಷ ಸ್ವಂತ ಹೊಲದ ಬೇಳೆ ಬೆಂದಿತು. ಅದೇ ಚಳಿಗಾಲದಲ್ಲಿ ಆ ಊರಿಗೆ ಹೋಗಿದ್ದಾಗ ಖೈರೂನಬಿ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿ ಹೇಳಿದ್ದರು: “ಸೋಯಾ ನಮ್ಮ ಹೊಲದಾಗ ಬೆಳೀತದ, ಖರೆ. ಆದ್ರ ನಮ್ಮ ಒಲಿ ಮ್ಯಾಲ ಏರಂಗಿಲ್ಲ.” ವೀರಶೆಟ್ಟಿ ಮರುವರ್ಷ ಹೆಚ್ಚಿನ ಹೊಲಕ್ಕೆ ಮತ್ತೆ ಸೋಯಾ ಹಾಕಿದರು. ಒಂದು ಎಕರೆಯಲ್ಲಿ ಮಾತ್ರ ತೊಗರಿ, ಜೋಳ, ಉದ್ದು ಇಟ್ಟುಕೊಂಡು, ಅದರ ಬೀಜವನ್ನು ಮನೆಯಲ್ಲೇ ಕಾದಿಟ್ಟರು. ಅವರಂತೆ ಇನ್ನೂ ಕೆಲವರು ಮಾಡಿದರು. ಖೈರೂನಬಿ ಈಗ ಮಿರಗಕ್ಕೆ ಮೊದಲೇ ಗೋಣಿತಟ್ಟಿನಲ್ಲಿ ಕಾಳು ಇಟ್ಟು ನೋಡಿದ ಮೇಲೆಯೇ ಗಡಿಗೆಯ ಬಾಯಿ ತೆರೆಯುತ್ತಾರಂತೆ.

ನನ್ನ ಸೇವಾವಧಿಯಲ್ಲಿ ಬೀಜದ ಗುಣಮಟ್ಟ ಎಂದರೆ ಚೀಲಕ್ಕೆ ಹೊಲಿದ ಚೀಟಿ, ನೂರಕ್ಕೆ ಇಷ್ಟು ಎಂಬ ಅಂಕಿ ಎಂದೇ ತಿಳಿದಿದ್ದೆ. ಅವು ಬೇಕು, ಬೇಡವೆನ್ನುವುದಿಲ್ಲ. ಆದರೆ ಬೀಜ ದೊಡ್ಡ ಗೋದಾಮಿನಲ್ಲೂ ಕೆಡುತ್ತದೆ, ಮಣ್ಣಿನ ಗಡಿಗೆಯಲ್ಲೂ ಕೆಡುತ್ತದೆ. ಕೆಟ್ಟ ಮೇಲೆ ಅದನ್ನು ಕೊಟ್ಟವರು ಎಷ್ಟು ದೂರದಲ್ಲಿದ್ದಾರೆ ಎಂಬುದನ್ನು ಯಾವ ಪ್ರಯೋಗಾಲಯವೂ ಅಳೆಯುವುದಿಲ್ಲ. ಆ ದೂರ ಒಂದು ಓಣಿಯಷ್ಟಿದ್ದರೆ, ಬಿತ್ತುವವನಿಗೆ ಆ ವರ್ಷದ ಬೆಳೆ ಉಳಿಯುತ್ತದೆ.