ಡಾಕ್ಟರರ ಮಾತಿಗೆ ನಾನು ಮಾಡಿದ ಕನ್ನಡ

ಆಗ ನಾನು ಮುಂಬೈ ಬಳಿಯ ಬೇಲಾಪುರದ ಕಚೇರಿಯೊಂದರಲ್ಲಿ ಗುಮಾಸ್ತ; ಮನೆ ಡೊಂಬಿವಲಿಯ ಚಾಳಿನಲ್ಲಿ. ಪಕ್ಕದ ಖೋಲಿಯಲ್ಲಿ ವಿಜಾಪುರದ ಕಡೆಯ ಒಬ್ಬ ಹಮಾಲ ಮತ್ತು ಅವನ ಹೆಂಡತಿ. ಮೂಟೆ ಹೊತ್ತು ಹೊತ್ತು ಅವನಿಗೆ ಹರ್ನಿಯಾ ಆಗಿತ್ತು. ಕಲ್ಯಾಣದ ಸರ್ಜನ್ ಬಳಿ ಆಪರೇಷನ್ ಎಂದು ಗೊತ್ತಾದಾಗ, ಮರಾಠಿ ಬಲ್ಲವನೆಂದು ನನ್ನನ್ನೂ ಕರೆದೊಯ್ದರು.

ಡಾಕ್ಟರರ ಮೇಲೂ ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದೆಂದು ತೀರ್ಪಾಗಿದ್ದ ಹೊಸತು. ಅಪಾಯಗಳನ್ನು ಮೊದಲೇ ತಿಳಿಸುವುದು ಕಾನೂನು ಎಂದು ಹೇಳಿ ಸರ್ಜನ್ ಒಂದೊಂದಾಗಿ ಎಣಿಸಿದರು: ಅರಿವಳಿಕೆಯಿಂದ ಜೀವಕ್ಕೇ ಅಪಾಯ (ಅದು ಬಹಳ ಅಪರೂಪ), ರಕ್ತಸ್ರಾವ, ಕೀವು, ವೃಷಣ ಊದಿಕೊಳ್ಳುವುದು, ಮೂತ್ರ ಕಟ್ಟುವುದು, ಹರ್ನಿಯಾ ಮತ್ತೆ ಬರುವುದು.

ನಾನು ಹಮಾಲನ ಮುಖ ನೋಡಿದೆ. ಕೇಳಿದರೆ ಎದ್ದು ಓಡಿಯಾನು ಅನ್ನಿಸಿತು.

"ಎಂತ ಆಗುದಿಲ್ಲ. ಸಣ್ಣ ಆಪರೇಷನ್," ಎಂದೆ.

ಅವನ ಹೆಂಡತಿ ನನ್ನನ್ನೇ ದಿಟ್ಟಿಸಿದಳು. "ಸರ, ಅವ್ರು ಅಷ್ಟೊತ್ತ ಮಾತಾಡಿದ್ರು, ನೀವು ಎರಡ ಮಾತಿನಾಗ ಮುಗಿಸಿದ್ರಿ. ಉಳಿದದ್ದು ಎಲ್ಲಿಟ್ರಿ?"

ಸರ್ಜನ್‌ಗೂ ಅನುಮಾನ ಬಂತು. "ಸಗಳಂ ಸಾಂಗಾ," ಎಲ್ಲವನ್ನೂ ಹೇಳಿ, ಎಂದರು. ಬೆವರುತ್ತಾ ಮತ್ತೆ ಮೊದಲಿನಿಂದ ಶುರುಮಾಡಿದೆ. ನಾಲ್ಕನೆಯದಕ್ಕೆ ಬಂದಾಗ ನಾಲಿಗೆ ತಡವರಿಸಿತು. ಹೆಂಗಸಿನ ಮುಂದೆ ಹೇಗೆ ಹೇಳುವುದು? "ವೃಷಣ," ಎಂದೆ.

"ಯಾರ್ರೀ ಅವ್ರು?" ಎಂದ ಹಮಾಲ.

ಕೈಸನ್ನೆ ಮಾಡಿದೆ. ಹೆಂಡತಿಗೆ ತಕ್ಷಣ ಹೊಳೆಯಿತು. ಅವಳು ಅಚ್ಚ ಊರಿನ ಕನ್ನಡದಲ್ಲಿ ಎಷ್ಟು ಗಟ್ಟಿಯಾಗಿ ತಿಳಿಸಿದಳೆಂದರೆ, ಹೊರಗೆ ಬೆಂಚಿನ ಮೇಲಿದ್ದ ರೋಗಿಗಳೂ ತಿರುಗಿ ನೋಡಿದರು.

ಹಮಾಲ ಸರ್ಜನ್ ಕಡೆ ಬೆರಳು ತೋರಿಸಿದ. "ಇದರಾಗ ಇವರ ಕೈಯಾಗ ಏನೇನ ಆಗ್ಯಾವು, ಕೇಳ್ರಿ."

ಸರ್ಜನ್ ಮುಚ್ಚಿಡಲಿಲ್ಲ. ಸಾವೊಂದು ಬಿಟ್ಟು ಉಳಿದದ್ದೆಲ್ಲ ಒಬ್ಬರಿಗಲ್ಲ ಒಬ್ಬರಿಗೆ ಆಗಿದೆ ಎಂದರು.

"ಖರೇ ಮಾತಾಡೋ ಮನಷ್ಯಾ," ಎಂದು ಹಮಾಲ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ.

ಆಪರೇಷನ್ ಸರಿಯಾಗಿಯೇ ಆಯಿತು. ಸಂಜೆ ಮಾತ್ರ ಮೂತ್ರ ಕಟ್ಟಿತು. ನನಗೆ ಗಾಬರಿ, ಅವನು ನೋವಿನಲ್ಲೂ ನೆಮ್ಮದಿಯಿಂದಿದ್ದ. "ಇದು ಐದನೇದ್ರಿ. ಹೇಳ್ಯಾರಲ್ಲ," ಎಂದು ನಳಿಕೆ ಹಾಕಿಸಿಕೊಂಡ.

ಮರುದಿನ ಹೋದರೆ, ಪಕ್ಕದ ಮಂಚದಲ್ಲಿ ಹರ್ನಿಯಾ ಆಪರೇಷನ್‌ಗೆ ಬಂದಿದ್ದ ರಾಯಚೂರಿನ ಗಾರೆಯವನು ಬಟ್ಟೆ ಗಂಟು ಕಟ್ಟುತ್ತಿದ್ದ. ನಮ್ಮ ಹಮಾಲ ಅವನಿಗೆ ಆರೂ ಅಪಾಯಗಳನ್ನು ಬೆರಳು ಮಡಚಿ ಮಡಚಿ ವಿವರಿಸಿದ್ದ, ಅಪರೂಪ ಎಂಬ ಮಾತೊಂದನ್ನು ಬಿಟ್ಟು. ನಾನು ಮೊದಲು ಎರಡೇ ಮಾತಿನಲ್ಲಿ ಮುಗಿಸಿದ್ದನ್ನೂ ಹೇಳಿದ್ದ. ಸರ್ಜನ್ ನನ್ನ ತೋಳು ಹಿಡಿದು, ಧೈರ್ಯ ಹೇಳಿ ಎಂದು ಬೇಡಿಕೊಂಡರು. ನಾನು ಬಾಯಿ ತೆರೆಯುವಷ್ಟರಲ್ಲೇ ಗಾರೆಯವನು ಕೈ ಅಡ್ಡ ಹಿಡಿದ.

"ನೀವ್ ಬ್ಯಾಡ್ರಿ. ಅಕ್ಕಾರ್ ಹೇಳ್ಲಿ."

ಹಮಾಲನ ಹೆಂಡತಿ ಮೊದಲು ಗಂಡನನ್ನು ಚೆನ್ನಾಗಿ ಬೈದಳು. ಆಮೇಲೆ ಗಾರೆಯವನ ಮುಂದೆ ಕುಳಿತು, ಯಾವುದು ಅಪರೂಪ, ಯಾವುದು ಎರಡೇ ದಿನದ ಸಂಕಟ ಎಂದು ಬಿಡಿಸಿ ಹೇಳಿದಳು. ಅವನು ಗಂಟು ಬಿಚ್ಚಿದ.